ಸಿಹಿ ಜಾಸ್ತಿಯಿದ್ದ ಡಬ್ಬ

ಫೋರ್ಕ್‌ಲಿಫ್ಟಿನ ಎರಡು ಕಬ್ಬಿಣದ ಕೋಡುಗಳು ನನ್ನ ಹೊಟ್ಟೆಗೆ ಒಂದು ಗೇಣು ದೂರದಲ್ಲಿ ನಿಂತವು.

ಹಿಂದೆ ಗೋದಾಮಿನ ಗೋಡೆ. ಎರಡೂ ಪಕ್ಕ ರಟ್ಟಿನ ಪೆಟ್ಟಿಗೆಗಳ ರಾಶಿ. ಎದುರಿಗೆ ಸ್ಟೀರಿಂಗ್ ಹಿಡಿದ ಪ್ಯಾಕರ್... ಅವನ ಕೈ ನಡುಗುತ್ತಿತ್ತು. ಕೈ ನಡುಗುವವನನ್ನು ನಂಬಬಾರದು ಸ್ವಾಮಿ! ಅವನಿಗೇ ತಿಳಿಯದೆ ಕೊಂದುಬಿಡುತ್ತಾನೆ.

"ಹೋಗ್ಬಿಡಿ ಮೇಡಂ! ಏನೂ ಸಿಗ್ಲಿಲ್ಲ ಅಂತ ಬರ್ಕೊಟ್ಟು ಹೋಗ್ಬಿಡಿ!"

"ಹೋಗೋಕೆ ದಾರಿ ಎಲ್ಲಿ ಬಿಟ್ಟಿದ್ದೀಯ? ಮೊದ್ಲು ಗಾಡಿ ಹಿಂದೆ ತಗೋ."

ನನಗೆ ಐವತ್ತೆರಡು ವರ್ಷ. ಮಂಡಿನೋವಿದೆ, ಬಾಯಿ ಜೋರು. ಕದ್ದದ್ದನ್ನು ಹುಡುಕಿ, ಕದ್ದವನನ್ನು ಹಿಡಿದುಕೊಡುವುದು ನನ್ನ ಕಸುಬು. ಈ ಕೇಸು ಕೊಟ್ಟವರು ಒಬ್ಬ ಮಕ್ಕಳ ಡಾಕ್ಟರಮ್ಮ.

ಅವರದೊಂದು ಪರೀಕ್ಷೆ ನಡೆಯುತ್ತಿತ್ತು. ತಾಯಿಯ ಹಾಲಿನಲ್ಲಿ ಒಂದು ಬಗೆಯ ಸಕ್ಕರೆ ಇರುತ್ತದಂತೆ. ಅದನ್ನು ಫ್ಯಾಕ್ಟರಿಯಲ್ಲಿ ತಯಾರಿಸಿ, ಬಾಟಲಿ ಹಾಲು ಕುಡಿಯುವ ಕೂಸುಗಳಿಗೆ ಮೊದಲ ಆರು ತಿಂಗಳು ಬೆರೆಸಿ ಕೊಟ್ಟರೆ, ಮುಂದೆ ಅಲರ್ಜಿಯ ಆಸ್ತಮಾ ಬರದಂತೆ ತಡೆಯಬಹುದೇ? ಇದು ಅವರ ಪ್ರಶ್ನೆ. ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದ್ದ ಕೂಸುಗಳನ್ನೇ ಆರಿಸಿದ್ದರು. ಅರ್ಧದಷ್ಟು ಕೂಸುಗಳಿಗೆ ಆ ಸಕ್ಕರೆ, ಉಳಿದರ್ಧಕ್ಕೆ ಮಾಮೂಲಿ ಸಕ್ಕರೆ ಪುಡಿ. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ಹಂಚಿದ್ದರು. ಡಬ್ಬದ ಮೇಲೆ ಬರೀ ನಂಬರು. ಒಳಗೇನಿದೆ ಎಂದು ಅಪ್ಪ ಅಮ್ಮನಿಗೂ ಗೊತ್ತಿಲ್ಲ, ಪ್ಯಾಕ್ ಮಾಡುವವರಿಗೂ ಗೊತ್ತಿಲ್ಲ.

ಆರು ತಿಂಗಳಾದ ಮೇಲೆ ವಾಪಸು ಬಂದ ಡಬ್ಬಗಳ ತಳದ ಪುಡಿಯನ್ನು ಲ್ಯಾಬಿನಲ್ಲಿ ನೋಡಿದರು. ಎರಡು ನಂಬರು ಅದಲುಬದಲಾಗಿದ್ದವು. ಹದಿನೇಳು ಮತ್ತು ನಲವತ್ತಮೂರು. ಯಾರೋ ಸ್ಟಿಕ್ಕರ್ ಕಿತ್ತು ಅಂಟಿಸಿದ್ದರು. ಯಾವುದರಲ್ಲಿ ಏನಿರಬೇಕಿತ್ತು ಎಂದು ಡಾಕ್ಟರಮ್ಮ ನನಗೂ ಹೇಳಲಿಲ್ಲ. ಮೊದಲು ಆಸಾಮಿಯನ್ನು ಹುಡುಕಿ ಎಂದರು.

ಅವತ್ತು ಬೆಳಗ್ಗೆ ಫ್ಯಾಕ್ಟರಿಯ ಪ್ಯಾಕಿಂಗ್ ಹಾಲ್‌ನಲ್ಲಿ ಎಲ್ಲರನ್ನೂ ನಿಲ್ಲಿಸಿ ಒಂದು ಸುಳ್ಳು ಬಿಟ್ಟೆ. "ಆ ಅಂಟು ಉಗುರಿಗೆ ಹತ್ತಿದ್ರೆ ವರ್ಷವಾದ್ರೂ ಹೋಗಲ್ಲ!" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಬ್ಬೆರಳು ನೋಡಿಕೊಂಡ. ಮೆಲ್ಲಗೆ ಗೋದಾಮಿಗೆ ಜಾರಿದ. ನಾನೂ ಹಿಂದೆಯೇ ಹೋದೆ. ಸಿಕ್ಕಿಬಿದ್ದದ್ದು ಮಾತ್ರ ನಾನು!

"ಯಾಕೋ ಮಾಡ್ದೆ?"

"ಹದಿನೇಳನೇ ನಂಬರು ನನ್ನ ಮಗಳು."

ಕೋಡುಗಳಿಂದ ಕಣ್ಣು ತೆಗೆದು ಅವನ ಮುಖ ನೋಡಿದೆ.

"ದೊಡ್ಡವನು ಆರು ವರ್ಷಕ್ಕೇ ಹೋದ ಮೇಡಂ. ಉಸಿರು ಸಿಗದೆ... ನನ್ನ ತೊಡೆ ಮೇಲೇನೇ. ಆಸ್ಪತ್ರೆ ಗೇಟು ಕಾಣ್ತಾ ಇತ್ತು. ಆ ಸಂಕಟದಲ್ಲಿ ನನ್ನ ಹೆಂಡ್ತಿಗೆ ಇವಳಿಗೆ ಕೊಡೋಕೆ ಹಾಲೇ ಬರ್ಲಿಲ್ಲ. ಇವಳನ್ನೂ ನಂಬರ್ ಮೇಲೆ ಬಿಡ್ಲಾ? ಲಾಟರಿನಾ ಇದು?"

"ಯಾವುದು ಅಸಲಿ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ನೆಕ್ಕಿ ನೋಡ್ದೆ. ನಮ್ದು ಸಪ್ಪೆ. ನಲವತ್ತಮೂರು ಒಳ್ಳೇ ಸಿಹಿ. ಹಾಲಿನ ಸಕ್ಕರೆ ಅಂದ್ಮೇಲೆ ಸಿಹಿ ಇರಲ್ವಾ?"

ಅಷ್ಟರಲ್ಲಿ ಹೊರಗೆ ಯಾರೋ ಕೂಗಿದರು. ಅವನು ಗಾಡಿಯಿಂದ ಹಾರಿದ. ಓಟ ಕಿತ್ತ!

ಕೋಡುಗಳ ನಡುವೆ ನುಸುಳಿ ನಾನೂ ಓಡಿದೆ. ಪ್ಯಾಕಿಂಗ್ ಹಾಲ್... ಲೋಡಿಂಗ್ ಕಟ್ಟೆ... ಗೇಟು! ಅವನು ಬೈಕ್ ಹತ್ತಿ ಮಾಯವಾದ. ನನ್ನ ಮಂಡಿ ನನ್ನ ಏಳು ತಲೆಮಾರನ್ನೂ ಬೈಯಿತು. ಮನೆ ವಿಳಾಸ ಫೈಲಿನಲ್ಲಿತ್ತು. ಟ್ಯಾಕ್ಸಿ ಹತ್ತಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಡಾಕ್ಟ್ರೇ, ಎರಡರಲ್ಲಿ ಸಿಹಿ ಜಾಸ್ತಿ ಯಾವುದು?"

"ಮಾಮೂಲಿ ಸಕ್ಕರೆ. ತಾಯಿ ಹಾಲಿನ ಆ ಸಕ್ಕರೆ ಅಷ್ಟೊಂದು ಸಿಹಿ ಇರಲ್ಲ. ಕೂಸಿಗೆ ಅದು ಅರಗೋದೂ ಇಲ್ಲ. ಹೊಟ್ಟೆಯಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾಗಳಿಗೆ ಅದು ಊಟ. ಹಾಲಿಗೆ ಬೆರೆಸಿದ್ರೆ ವ್ಯತ್ಯಾಸ ಗೊತ್ತಾಗಲ್ಲ. ಬರೀ ಪುಡಿ ನೆಕ್ಕಿ ನೋಡ್ತಾರೆ ಅಂತ ನಾವು ಎಣಿಸಿರ್ಲಿಲ್ಲ... ಯಾಕೆ?"

ಅವನ ಮಗಳ ಪಾಲಿಗೆ ಬಂದದ್ದೇ ಅಸಲಿ ಡಬ್ಬ. ಅಪ್ಪ ಅದನ್ನು ಕೈಯಾರೆ ಯಾರದೋ ಮನೆಗೆ ಕಳಿಸಿದ್ದ. ತಿಂಗಳು ತಿಂಗಳೂ.

"ಆಸಾಮಿ ಹದಿನೇಳನೇ ನಂಬರಿನ ಅಪ್ಪ. ಆ ಕೂಸಿಗೆ ಅಸಲಿ ಪುಡಿ ಈಗ ಕೊಟ್ರೆ?"

"ಅವಳಿಗೆ ಏಳು ತಿಂಗಳು ತುಂಬ್ತು. ಈಗ ಕೊಟ್ರೆ ಏನಾದ್ರೂ ಆಗುತ್ತೆ ಅಂತ ನಾನು ಹೇಳಲಾರೆ."

ಟ್ಯಾಕ್ಸಿಯಲ್ಲೇ ತೀರ್ಮಾನಿಸಿದೆ. ಇವನಿಗೆ ಹೇಳುವುದು ಬೇಡ. ಕೆಲಸ ಹೇಗೂ ಹೋಗುತ್ತದೆ. ಮಗಳಿಗೆ ಒಳ್ಳೆಯದು ಮಾಡಿದೆ ಅನ್ನುವ ಒಂದು ಸಮಾಧಾನವಾದರೂ ಇರಲಿ ಪಾಪ.

ಎರಡನೇ ಮಹಡಿ. ಒಂದೇ ಕೋಣೆ. ಬಾಗಿಲು ತಳ್ಳಿದೆ. ಅವನ ಕೈಯಲ್ಲಿದ್ದ ತರಕಾರಿ ಚಾಕು ನನ್ನ ಮೂಗಿನ ಮುಂದೆ ಬಂತು!

"ಒಳಗೆ ಬರ್ಬೇಡಿ!"

ನನ್ನ ಕಣ್ಣು ಚಾಕುವಿನ ಮೇಲಿರಲಿಲ್ಲ. ಮಂಚದ ಮೇಲೆ ಅವನ ಹೆಂಡತಿ ಕೂತಿದ್ದಳು. ಹೆಗಲ ಮೇಲೆ ಕೂಸು. ಅದು ಉಸಿರೆಳೆದಾಗಲೆಲ್ಲ ಎದೆಯಿಂದ ಸಣ್ಣ ಸಿಳ್ಳೆಯ ಸದ್ದು ಬರುತ್ತಿತ್ತು. ಪಕ್ಕೆಲುಬುಗಳ ಸಂದಿನ ಚರ್ಮ ಒಳಕ್ಕೆ ಹೋಗುತ್ತಿತ್ತು. ತುಟಿ ನೀಲಿಯಾಗತೊಡಗಿತ್ತು.

"ಎಷ್ಟು ದಿನದಿಂದಮ್ಮಾ ಹೀಗೆ?"

"ಮೊನ್ನೆಯಿಂದ ಅಕ್ಕಾ. ಬೆಳಗ್ಗೆಯಿಂದ ಜಾಸ್ತಿ. ಇವ್ರು ಬರೀ ಶೀತ ಅಂತಾರೆ. ಆ ಪುಡಿ ಕುಡ್ದ ಕೂಸಿಗೆ ಎದೆ ಕಾಯಿಲೆ ಬರೋದೇ ಇಲ್ವಂತೆ."

"ಏಯ್, ಆಸ್ಪತ್ರೆಗೆ ನಡಿ! ಕೆಳಗೆ ಟ್ಯಾಕ್ಸಿ ಇದೆ!"

"ಬೇಡ! ಅಲ್ಲಿ ನನ್ನ ಹಿಡ್ಕೊಡ್ತೀರಾ! ಇವಳಿಗೆ ಏನೂ ಆಗಲ್ಲ. ಇವಳು ಅಸಲಿ ಕುಡ್ದಿದ್ದಾಳೆ!"

ಆ ಸಮಾಧಾನವೇ ಕೂಸಿನ ಕತ್ತು ಹಿಸುಕುತ್ತಿತ್ತು. ಇನ್ನು ಸುಮ್ಮನಿರುವಂತಿರಲಿಲ್ಲ. ಹೇಳಿಬಿಟ್ಟೆ.

"ಇವಳು ಕುಡ್ದಿದ್ದು ಬರೀ ಸಕ್ಕರೆ ಕಣೋ! ಸಪ್ಪೆ ಇತ್ತಲ್ಲ, ಅದೇ ಅಸಲಿ. ನಿನ್ನ ಮಗಳಿಗೇ ಬಂದಿತ್ತು. ನೀನೇ ಎತ್ತಿ ಕೊಟ್ಟೆ!"

ಹೆಂಡತಿ ಅವನ ಮುಖ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಅವನು ಚಾಕುವನ್ನು ಒಲೆಯ ಪಕ್ಕ ಇಟ್ಟ. ಕೂಸನ್ನು ಎತ್ತಿಕೊಂಡ. ನನ್ನನ್ನು ತಳ್ಳಿಕೊಂಡೇ ಮೆಟ್ಟಿಲಿಳಿದು ಓಡಿದ.

ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳುತ್ತಿದ್ದ. "ಉಸಿರಾಡು ಪುಟ್ಟಿ... ಉಸಿರಾಡು..." ಆ ದೊಡ್ಡವನಿಗೂ ಹೀಗೇ ಹೇಳಿದ್ದನೋ ಏನೋ. ಮೂವತ್ತು ವರ್ಷದ ಕಸುಬಿನಲ್ಲಿ ಕಳ್ಳನ ಪಕ್ಕ ಕೂತು ಅತ್ತವಳಲ್ಲ ನಾನು. ಅವತ್ತು ಅತ್ತೆ.

ಈ ಸಲ ಗೇಟು ದಾಟಿದೆವು. ಆಕ್ಸಿಜನ್ ಹಾಕಿದರು. ಒಂದು ಗಂಟೆಯ ನಂತರ ತುಟಿಗೆ ಬಣ್ಣ ಬಂತು. ಉಳಿಯಿತು ಕೂಸು. "ಮತ್ತೆ ಬರಬಹುದು, ಸಿಳ್ಳೆ ಕೇಳಿದ ತಕ್ಷಣ ಕರ್ಕೊಂಡು ಬನ್ನಿ" ಎಂದರು ಡ್ಯೂಟಿ ಡಾಕ್ಟರು. ತಾಯಿ ಒಳಗೆ ಕೂತಳು. ಅವನು ಒಳಗೆ ಕಾಲಿಡಲು ಹೋದಾಗ ಎದ್ದುಬಂದು ಬಾಗಿಲು ಮುಂದೆ ಮಾಡಿದಳು.

ಅವನು ಕಾರಿಡಾರಿನ ನೆಲದ ಮೇಲೆ ಕೂತ. ನನ್ನ ರಿಪೋರ್ಟಿಗೆ ಸಹಿ ಹಾಕಿದ, ಓದಲೂ ಇಲ್ಲ. ನಾನೂ ಮಂಡಿ ಹಿಡಿದುಕೊಂಡು ಪಕ್ಕದಲ್ಲೇ ಕೂತೆ.

"ಅಕ್ಕಾ... ನಾನು ಮುಟ್ಟದೇ ಇದ್ದಿದ್ರೆ ಇವಳಿಗೆ ಇದು ಬರ್ತಿರ್ಲಿಲ್ಲ, ಅಲ್ವಾ?"

"ಯಾರಿಗೂ ಗೊತ್ತಿಲ್ಲ ತಮ್ಮಾ" ಎಂದೆ. "ಅದು ಗೊತ್ತಾಗ್ಲಿ ಅಂತಾನೇ ಆ ನಂಬರು ಹಾಕಿದ್ದು."