ಒಣಗಿದ ಹಾಗೆ ಕಂಡ ಗಾಯ

ಮೆಕ್ಯಾನಿಕ್‌ನ ಗಾಯ ಒಣಗುತ್ತಿದೆ ಎಂದು ಡ್ರೆಸ್ಸಿಂಗ್ ರೂಮಿನ ಸಿಸ್ಟರ್ ಆಸ್ಪತ್ರೆಗೆಲ್ಲ ಡಂಗುರ ಸಾರಿದ್ದಳು. ಲಾರಿಯಡಿ ಜಾಕ್ ಜಾರಿ ಅವನ ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು, ಕೀವು ಹಿಡಿದಿತ್ತು. ರಕ್ತ ಜಿನುಗುವ ಜೀವಂತ ಮೂಳೆ ಸಿಗುವ ತನಕ ಸರ್ಜನ್ ಸತ್ತದ್ದನ್ನೆಲ್ಲ ಕೆರೆದು ತೆಗೆದಿದ್ದರು. "ಮತ್ತೆ ಕೀವು ಕಂಡ್ರೆ ತಕ್ಷಣ ಹೇಳಿ. ಇನ್ನೊಮ್ಮೆ ಕೆರೆದು ಕಾಲು ಉಳಿಸಬಹುದು" ಎಂದಿದ್ದರು.

ಬ್ಯಾಂಡೇಜ್ ಬಿಚ್ಚುವಾಗ ಅವನು ಗಾಯವನ್ನು ನೋಡುತ್ತಿರಲಿಲ್ಲ, ಅವಳ ಹುಬ್ಬನ್ನೇ ನೋಡುತ್ತಿದ್ದ.

"ಏನ್ರೀ ಹಾಗೆ ನೋಡ್ತೀರಾ?"

"ರಿಪೋರ್ಟ್ ನೋಡ್ತಿದ್ದೀನಿ ಸಿಸ್ಟರ್. ನಿಮ್ಮ ಮುಖದಲ್ಲೇ ಬಂದಿರುತ್ತಲ್ಲ."

"ಬಾಯಿ ಜೋರಾಯ್ತು. ಕಾಲು ಅಲ್ಲಾಡಿಸಬೇಡಿ!"

ಬೈದಳೇನೋ ಸರಿ, ಕೆನ್ನೆ ಮಾತ್ರ ಬಿಸಿಯಾಗಿತ್ತು. ಮನೆಗೆ ಹೋದ ಮೇಲೂ ತುಟಿಯ ನಗು ಇಳಿಯಲಿಲ್ಲ.

ಒಂದು ಮಧ್ಯಾಹ್ನ ಅವನ ಅಕ್ಕ ಅವನನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ಮೈ ಕೆಂಡವಾಗಿತ್ತು, ಮೊಣಕಾಲು ಬಾತು ಹೊಳೆಯುತ್ತಿತ್ತು.

"ಕೀವು ಕೀಲಿಗೂ ಹರಡಿದೆ, ನಂಜು ರಕ್ತಕ್ಕೂ ಏರಿದೆ," ಎಂದರು ಸರ್ಜನ್. "ಈಗ ಕೆರೆದು ಪ್ರಯೋಜನ ಇಲ್ಲ. ತೊಡೆಯ ಹತ್ರ ಕಾಲು ಕತ್ತರಿಸದಿದ್ರೆ ಜೀವ ಉಳಿಯಲ್ಲ."

"ಒಣಗಿತ್ತಲ್ಲ ಸರ್!" ಎಂದಳು ಸಿಸ್ಟರ್.

ಅಕ್ಕ ತಲೆ ತಗ್ಗಿಸಿದಳು. "ಎಲ್ಲಿ ಒಣಗಿತ್ತಮ್ಮ? ನಿನ್ನ ಹತ್ರ ಬರೋ ಮುಂಚೆ ಕೀವು ಹಿಂಡಿ, ಒರೆಸಿ, ಬೇರೆ ಬಟ್ಟೆ ಸುತ್ಕೊಂಡು ಬರ್ತಿದ್ದ. ನಂಗೂ ಇವತ್ತೇ ಗೊತ್ತಾಗಿದ್ದು."

ಸಿಸ್ಟರ್ ಅವನ ಮಂಚದ ಬಳಿ ಓಡಿದಳು. "ಯಾಕ್ರೀ ಹೀಗೆ ಮಾಡಿದ್ರಿ?"

"ಮೊದಲು ಕೀವು ಕಂಡ ದಿನ ನಿಮ್ಮ ಮುಖ ಬಾಡಿಹೋಗಿತ್ತು. ಮತ್ತೆ ಅದನ್ನ ನೋಡೋಕೆ ಆಗ್ತಿರಲಿಲ್ಲ."

"ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಆಪರೇಷನ್‌ಗೆ ಒಪ್ಪಿ ಸಹಿ ಮಾಡಿ."

"ಬೇಡ. ಕುಂಟನಾಗಿ ನಿಮ್ಮ ಎದುರಿಗೆ ಹೇಗೆ ಬರಲಿ?"

"ಎಷ್ಟೋ ಜನರ ಗಾಯ ಕಟ್ಟಿದ್ದೀನಿ, ಯಾರದ್ದಕ್ಕೂ ಮನೇಲಿ ಕೂತು ಅತ್ತಿಲ್ಲ. ನಿಮ್ಮದಕ್ಕೆ ಅತ್ತಿದ್ದೀನಿ. ನೀವಂದ್ರೆ ನನಗೆ ಜೀವ ಕಣ್ರೀ. ಆ ಜೀವಾನೇ ಹೋದ್ರೆ ನಾನೇನು ಮಾಡಲಿ?"

ಅವನು ಸಹಿ ಹಾಕಿದ.

ಆಪರೇಷನ್ ಆದ ಮೇಲೆ ಮೊದಲ ಡ್ರೆಸ್ಸಿಂಗನ್ನು ಅವಳೇ ಬಿಚ್ಚಿದಳು. ಹೊಲಿಗೆಯ ತುದಿಯಲ್ಲಿ ಹಳದಿ ಕಂಡಿತು. ಕಣ್ಣೀರು ಉದುರಿತು, ಅಡಗಿಸಲು ಅವಳಿಂದಾಗಲಿಲ್ಲ.

"ಇನ್ನೂ ಇದೆ," ಎಂದಳು. "ಮತ್ತೆ ಥಿಯೇಟರಿಗೆ ಹೋಗಬೇಕು."

ಅವಳು ಅಳುವುದನ್ನು ಅವನು ನೋಡಿದ. ಹಲ್ಲು ಕಚ್ಚಿ ತೊಡೆಯ ಮೇಲ್ಗಡೆ ಬೆರಳಿಟ್ಟು ತೋರಿಸಿದ.

"ಇಲ್ಲೂ ನೋಯ್ತಿದೆ. ನಿನ್ನೆಯಿಂದ. ಇಲ್ಲೂ ನೋಡು."

ಅವಳು ಅವನ ಕೈ ಬಿಡದೆಯೇ ಸರ್ಜನ್‌ರನ್ನು ಕೂಗಿದಳು.