ಲೋಡ್ ಇಲ್ಲದಾಗ

"ಇದು ಯಾರ ಗುರುತು?"

ತೂಕದ ಯಂತ್ರಕ್ಕೆ ಕರೆಂಟ್ ಕೊಡುವ, ಸುಟ್ಟು ಕಪ್ಪಾದ ಪವರ್ ಸಪ್ಲೈ ಬೋರ್ಡನ್ನು ಅವಳು ಮೇಜಿನ ಮೇಲಿಟ್ಟಳು. ಆ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿದವರು ಬೋರ್ಡಿನ ಮೂಲೆಗೆ ತಮ್ಮ ಬಣ್ಣದ ಚುಕ್ಕಿ ಇಡಬೇಕು. ಇದರ ಮೇಲಿದ್ದದ್ದು ನೀಲಿ.

"ನನ್ನದು ಮೇಡಂ." ಕೊನೆಯ ಬೆಂಚಿನವನು ಎದ್ದು ನಿಂತ.

ಮೂರು ತಿಂಗಳಿಂದ ಅವಳ ಡಿಸೈನುಗಳಿಗೆ ಬೆಸುಗೆ ಹಾಕುತ್ತಿದ್ದವನು. ಅವನ ಮುಖವನ್ನು ಅವಳು ನೇರವಾಗಿ ನೋಡಿದ್ದು ಅವತ್ತೇ.

"ಹದಿನಾಲ್ಕು ಬೋರ್ಡ್ ವಾಪಸ್ ಬಂದಿವೆ. ಎಲ್ಲದರಲ್ಲೂ ವೋಲ್ಟೇಜ್ ಏರದಂತೆ ತಡೆಯುವ ಝೀನರ್ ಡಯೋಡೇ ಸುಟ್ಟಿದೆ. ನೀವು ವಿಪರೀತ ಬಿಸಿ ಮಾಡಿದ್ದೀರಿ. ನನ್ನ ಲೆಕ್ಕ ಸರಿಯಾಗಿದೆ."

ಅವನು ಏನೋ ಹೇಳಲು ಬಾಯಿ ತೆರೆದ... ಅವಳ ಹಿಂದೆ ನಿಂತಿದ್ದ ಮಾಲೀಕರನ್ನು ಕಂಡು ಸುಮ್ಮನಾದ.

"ನಾಳೆಯಿಂದ ಪ್ಯಾಕಿಂಗ್‌ಗೆ ಹೋಗು," ಎಂದರು ಮಾಲೀಕರು.

ಮರುದಿನ ಟೆಸ್ಟಿಂಗ್ ವಿಭಾಗದ ಅಕ್ಕ ಇನ್ನೊಂದು ಸುಟ್ಟ ಬೋರ್ಡ್ ತಂದಳು.

"ಇದು ಹಸಿರು ಚುಕ್ಕಿ ಮೇಡಂ. ಕರೆಂಟ್ ಇದ್ದಾಗಲೇ ತೂಕದ ಯಂತ್ರದ ವೈರ್ ಕಿತ್ತೆ, ಹೊಗೆ ಬಂತು. ಇದನ್ನೂ ಆ ಹುಡುಗನೇ ಪ್ಯಾಕಿಂಗ್‌ನಲ್ಲಿ ಕೂತು ಸುಟ್ಟ ಅಂತೀರಾ?"

ಅವಳು ಲೆಕ್ಕದ ಹಾಳೆ ತೆಗೆದಳು.

ಒಳಗೆ ಬರುವುದು ಇಪ್ಪತ್ತೆರಡು ವೋಲ್ಟ್. ಝೀನರ್ ಕಟ್ಟಿ ಹಿಡಿಯುವುದು ಹನ್ನೆರಡಕ್ಕೆ. ಉಳಿದ ಹತ್ತು ವೋಲ್ಟ್, ನೂರು ಓಮ್ ರೆಸಿಸ್ಟರ್ ಮೇಲೆ. ಅಂದರೆ ನೂರು ಮಿಲಿಆಂಪ್ ಕರೆಂಟ್. ಲೋಡ್, ಅಂದರೆ ತೂಕದ ಯಂತ್ರ, ಎಂಬತ್ತನ್ನು ಎಳೆದುಕೊಂಡರೆ ಝೀನರ್ ಪಾಲಿಗೆ ಇಪ್ಪತ್ತು. ಕಾಲು ವಾಟ್ ಕೂಡ ಇಲ್ಲ. ಅರ್ಧ ವಾಟಿನ ಝೀನರ್ ಸಾಕು ಎಂದು ಬರೆದು ಪೆನ್ನು ಮುಚ್ಚಿದ್ದಳು.

ಯಂತ್ರವನ್ನೇ ಕಿತ್ತರೆ?

ನೂರೂ ಝೀನರ್‌ಗೇ. ಅರ್ಧ ವಾಟಿನದಕ್ಕೆ ಒಂದು ಪಾಯಿಂಟ್ ಎರಡು ವಾಟ್...

ಹಾಳೆ ತಿರುಗಿಸಿದಳು. ಹಿಂದೆ ಒಂದು ಚೀಟಿ ಅಂಟಿತ್ತು. ನೀಲಿ ಅಕ್ಷರ. 'ಮೇಡಂ, ಲೋಡ್ ಇಲ್ಲದಾಗ ಝೀನರ್ ತಡೆಯುತ್ತಾ? ಒಮ್ಮೆ ನೋಡ್ತೀರಾ?'

ಹಾಳೆ ಬೆಸುಗೆ ಬೆಂಚಿನಿಂದ ವಾಪಸ್ ಬಂದ ದಿನವೇ ಆ ಚೀಟಿಯನ್ನು ಅವಳು ಕಂಡಿದ್ದಳು. ಬೆಸುಗೆಯವನು ನನಗೆ ಲೆಕ್ಕ ಹೇಳುವುದೇ ಎಂದುಕೊಂಡು ಪೂರ್ತಿ ಓದದೆ ಹಾಳೆ ಮಗುಚಿದ್ದಳು.

ಅವನ ತೆರೆದು ಮುಚ್ಚಿದ ಬಾಯಿ ಕಣ್ಣ ಮುಂದೆ ಬಂತು.

ಎಲ್ಲರೂ ಇದ್ದಾಗಲೇ ಹೋಗಿ ಚೀಟಿಯನ್ನು ಮಾಲೀಕರ ಮುಂದಿಟ್ಟಳು. "ತಪ್ಪು ನನ್ನದು ಸರ್. ಅವರು ಮೊದಲೇ ಎಚ್ಚರಿಸಿದ್ದರು."

"ಅವನನ್ನು ವಾಪಸ್ ಕರೀರಿ," ಎಂದರು ಮಾಲೀಕರು.

"ನಾನೇ ಹೋಗ್ತೀನಿ."

ಅವನು ಪೆಟ್ಟಿಗೆಗೆ ಟೇಪ್ ಸುತ್ತುತ್ತಿದ್ದ. ಅವಳು ಬಾಗಿಲಲ್ಲೇ ನಿಂತಳು.

"ನಿನ್ನೆ ಯಾಕೆ ಹೇಳಲಿಲ್ಲ?"

"ಮೂರು ತಿಂಗಳಿಂದ ಹಾಳೆಗಳಲ್ಲಿನ ನಿಮ್ಮ ಅಕ್ಷರ ನೋಡ್ಕೊಂಡೇ ಬೆಸುಗೆ ಹಾಕಿದ್ದೀನಿ. ಆ ಅಕ್ಷರ ಅಂದ್ರೆ ನನಗಿಷ್ಟ..." ಅವನು ಟೇಪಿನ ತುದಿ ಹುಡುಕಿದ. "ನೀವೂ ಇಷ್ಟ. ಎಲ್ಲರ ಎದುರು ನಿಮ್ಮನ್ನ ಸಣ್ಣವರನ್ನಾಗಿ ಮಾಡೋಕೆ ಬಾಯಿ ಬರಲಿಲ್ಲ."

"ನಾನು ನಿಮ್ಮನ್ನ ಎಲ್ಲರ ಎದುರೇ ಸಣ್ಣವರನ್ನಾಗಿ ಮಾಡಿದೆ." ಅವಳು ತಲೆ ಎತ್ತಲಿಲ್ಲ. "ನಿಮ್ಮ ಮುಖ ನೋಡೋಕೂ ನಾಚಿಕೆ ಆಗ್ತಿದೆ."

"ಹಾಗಾದ್ರೆ ಸಂಜೆ ಬಸ್‌ಸ್ಟಾಪ್ ತನಕ ಜೊತೆಗೆ ನಡೆಯೋಣ. ಪಕ್ಕಪಕ್ಕ ನಡೆದ್ರೆ ಮುಖ ನೋಡಬೇಕಾಗಲ್ಲ."

"ಎಂದಾದ್ರೂ ನೋಡಲೇಬೇಕಲ್ಲ?"

"ಆಗ ನೋಡಿ. ಅಲ್ಲಿ ತನಕ ನಡೀತಾ ಇರೋಣ."