ಕಡುನೇರಳೆ ಸ್ಲೈಡ್

"ಬ್ಯಾಗ್ ಕೆಳಗಿಡು!"

ಲ್ಯಾಬಿನ ಹಿಂಬದಿಯ ಮೆಟ್ಟಿಲು. ನನ್ನ ಕಾಲರ್ ಅವನ ಮುಷ್ಟಿಯಲ್ಲಿ. ಲ್ಯಾಬಿಗೆ ಸ್ಕ್ಯಾನರ್ ಕೊಟ್ಟ ಕಂಪನಿಯ ಮ್ಯಾನೇಜರ್... ಗೂಳಿಯಂಥ ಆಳು!

ನನಗೆ ಐವತ್ತಾರು. ಮಂಡಿನೋವು ಬೇರೆ. ಖಾಸಗಿ ಪತ್ತೇದಾರಿಕೆ ಸಾಕಾಗಿಹೋಗಿತ್ತು.

ಬ್ಯಾಗಿನಲ್ಲಿದ್ದದ್ದು ಒಂದು ಗಾಜಿನ ಸ್ಲೈಡ್. ಅದರ ಮೇಲೆ ಬಸ್ ಕಂಡಕ್ಟರ್ ಅಕ್ಕ ಒಬ್ಬಳ ಎದೆಯ ಗಂಟಿನಿಂದ ತೆಗೆದ ತೆಳ್ಳನೆಯ ಚೂರು. ಹತ್ತಕ್ಕೆ ಅವಳ ಆಪರೇಷನ್. ಆಗಲೇ ಒಂಬತ್ತೂಕಾಲು!

ನನ್ನನ್ನು ಕಳಿಸಿದ್ದು ಆಸ್ಪತ್ರೆಯ ಡಾಕ್ಟರಮ್ಮ. "ಲ್ಯಾಬಿನೋರು ಗಾಜನ್ನ ಸ್ಕ್ಯಾನ್ ಮಾಡಿ ಬರೀ ಚಿತ್ರ ಕಳಿಸ್ತಾರೆ. ಸ್ಕ್ರೀನ್ ಮೇಲೆ ಎಲ್ಲಾ ಕಡುನೇರಳೆ ಕಣಯ್ಯಾ... ಯಾವ ಜೀವಕೋಶ ನೋಡಿದ್ರೂ ಕ್ಯಾನ್ಸರ್ ಥರಾನೇ ಕಾಣುತ್ತೆ. ಅಸಲಿ ಗಾಜು ತಂದ್ಕೊಡು."

ಗಾಜು ಒಡೆದುಹೋಯಿತು ಎಂದಿತ್ತು ಲ್ಯಾಬ್. ಸುಳ್ಳು! ಕಪಾಟಿನಲ್ಲೇ ಇತ್ತು. ಪಕ್ಕದಲ್ಲಿ ಇನ್ನೊಂದು ಸ್ಲೈಡ್. ದಿನಾ ಬೆಳಗ್ಗೆ ಅದನ್ನು ಮೊದಲು ಸ್ಕ್ಯಾನ್ ಮಾಡಿ ಮಷಿನ್ನಿನ ಬಣ್ಣ ಸರಿಹೊಂದಿಸಬೇಕು ಅಂತ ಡಬ್ಬಿ ಮೇಲೇ ಬರೆದಿತ್ತು.

ಆ ಡಬ್ಬಿಯ ಸೀಲನ್ನೇ ಯಾರೂ ಒಡೆದಿರಲಿಲ್ಲ!

"ಬಣ್ಣ ಒಂಚೂರು ಹೆಚ್ಚುಕಮ್ಮಿ ಆದ್ರೆ ಆಕಾಶ ಕಳಚಿ ಬೀಳುತ್ತಾ?" ಅಂದ ಮ್ಯಾನೇಜರ್.

"ಆ ಬಣ್ಣ ನಂಬಿ ನಿನ್ನ ಹೆಂಡ್ತಿ ಎದೆ ಕೊಯ್ಯೋಕೆ ಬಿಡ್ತೀಯಾ?"

ಹಿಡಿತ ಸಡಿಲವಾಯಿತು. ಅಷ್ಟು ಸಾಕಿತ್ತು. ಅವನ ಹೊಟ್ಟೆಗೆ ಮೊಣಕೈಯಿಂದ ತಿವಿದು ಓಡಿದೆ!

ಟ್ಯಾಕ್ಸಿ ಹತ್ತಿದೆ. ಸಿಗ್ನಲ್‌ನಲ್ಲಿ ನಿಂತುಬಿಟ್ಟಿತು. ಹಿಂದೆ ಅವನ ಕಾರು, ಹಾರ್ನ್ ಮೇಲೆ ಹಾರ್ನ್! ಇಳಿದು ಓಡಿದೆ. ಆಸ್ಪತ್ರೆಯ ಗೇಟಿನಲ್ಲಿ ಮುಗ್ಗರಿಸಿದೆ. ಮೊಣಕೈ ತರಚಿಹೋಯಿತು, ಬ್ಯಾಗನ್ನು ಮಾತ್ರ ಎದೆಗವಚಿಕೊಂಡಿದ್ದೆ. ಅಟ್ಟಿಸಿಕೊಂಡು ಬಂದವನನ್ನು ವಾಚ್‌ಮನ್ ತಡೆದ.

ಡಾಕ್ಟರಮ್ಮ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಒಂದು ನಿಮಿಷ... ಎರಡು...

ಫೋನ್ ಎತ್ತಿಕೊಂಡರು. "ಆಪರೇಷನ್ ನಿಲ್ಸಿ! ಬರೀ ಗಂಟು ಕಣ್ರೀ... ಕ್ಯಾನ್ಸರ್ ಅಲ್ಲ!"

ನಾನು ನೆಲದ ಮೇಲೆ ಕುಸಿದು ಕೂತೆ. "ಮುಗೀತಲ್ಲಮ್ಮಾ... ಮನೆಗೆ ಹೋಗಿ ಮಲಗ್ತೀನಿ."

"ಎಲ್ಲಿ ಮುಗೀತಯ್ಯಾ? ಆ ಸ್ಕ್ಯಾನರ್ ಬಂದು ಎಂಟು ತಿಂಗಳಾಯ್ತು."

ಹಳೆಯ ಗಾಜುಗಳನ್ನೆಲ್ಲ ತರಿಸಿದರು. ಒಂದು ವಾರ, ಒಂದೊಂದನ್ನೇ ನೋಡಿದರು. ಮೂವರು ಹೆಂಗಸರಿಗೆ ಇಲ್ಲದ ಕ್ಯಾನ್ಸರ್‌ಗೆ ಆಪರೇಷನ್ ಆಗಿಹೋಗಿತ್ತು.

ಆ ಮೂರು ಮನೆಗಳಿಗೂ ಡಾಕ್ಟರಮ್ಮನ ಜೊತೆ ಹೋದೆ. ಮೊದಲನೇ ಮನೆಯಲ್ಲಿ ಅವರು ರಿಪೋರ್ಟನ್ನು ನನ್ನ ಕೈಗೆ ತುರುಕಿದರು. ನಾನೇ ಹೇಳಬೇಕಾಯಿತು. "ಅಕ್ಕಾ... ನಿಮಗೆ ಕ್ಯಾನ್ಸರ್ ಇರಲೇ ಇಲ್ಲ."

ಇಷ್ಟು ಒಳ್ಳೇ ಸುದ್ದಿಯನ್ನು ಇಷ್ಟು ಹೆದರಿಕೊಂಡು ನಾನು ಯಾರಿಗೂ ಹೇಳಿದ್ದಿಲ್ಲ!